ಹಾಡು ಕೇಳದ ಗೊಂಬೆ

ಗೊಂಬೆ ಕುಣಿಸುವುದು ಕಷ್ಟದ ಕೆಲಸವಲ್ಲ. ಒಂದು ಮೋಟಾರು, ಅದರ ತುದಿಗೆ ನಡು ತಪ್ಪಿಸಿ ತೂತು ಕೊರೆದ ಒಂದು ಗಾಲಿ, ಗಾಲಿಗೆ ತಾಗಿ ನಿಂತ ಒಂದು ಸರಳು, ಸರಳಿನ ಮೇಲೆ ಗೊಂಬೆಯ ಕಾಲು. ಇಷ್ಟಾದರೆ ಕಾಲು ಎದ್ದು ಬೀಳುತ್ತದೆ. ಹಾಡು ಹಾಕುವುದೂ ಕಷ್ಟವಲ್ಲ, ಕ್ಯಾಸೆಟ್ ತುರುಕಿ ಗುಂಡಿ ಒತ್ತಿದರಾಯಿತು. ಆ ಕಾಲು ಈ ಹಾಡಿಗಾಗಿಯೇ ಎದ್ದಿತು ಎಂದು ನೋಡುವವರಿಗೆ ಅನಿಸುವಂತೆ ಮಾಡುವುದು ಮಾತ್ರ ಬೇರೆಯದೇ ವಿದ್ಯೆ. ಆ ವಿದ್ಯೆ ನನ್ನಲ್ಲಿಲ್ಲ ಎಂದು ನನಗೆ ಗೊತ್ತಾದದ್ದು ಗಣಪತಿ ಪೆಂಡಾಲಿನಲ್ಲಿ, ಊರಿಗೆ ಊರೇ ಎದುರು ಕೂತಿದ್ದಾಗ.

ಆಗ ನಾನು ಕೊಪ್ಪ ತಾಲ್ಲೂಕಿನ ಭಂಡಿಗಡಿಯಲ್ಲಿ ಅಡಿಕೆ ತೋಟದ ಕೆಲಸದ ನಡುವೆ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. 1990ರಲ್ಲಿ ಯಕ್ಷಗಾನದ ಹಾಡುಗಾರ, ಭಾಗವತ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡ ಮೇಲಿನ ವರ್ಷಗಳು. 1958ರಲ್ಲಿ ಹುಟ್ಟಿದವರು, ಹೋಗುವ ವಯಸ್ಸೇ ಅಲ್ಲ. ಘಟ್ಟದ ಮೇಲೂ ಕೆಳಗೂ ಅವರ ಪದ ಕೇಳಿಸದ ಬಸ್ಸಿಲ್ಲ, ಕ್ಯಾಂಟೀನಿಲ್ಲ ಎನ್ನುವ ಹಾಗಿತ್ತು. ನನ್ನ ಮೇಜಿಗೆ ರಿಪೇರಿಗೆ ಬರುತ್ತಿದ್ದ ಸೆಟ್ಟುಗಳ ಒಳಗೆ ಅವರ ಕ್ಯಾಸೆಟ್ಟೇ ಸಿಕ್ಕಿಹಾಕಿಕೊಂಡಿರುತ್ತಿತ್ತು. ಸುತ್ತಿಕೊಂಡ ರೀಲನ್ನು ಪೆನ್ಸಿಲ್ಲಿನಿಂದ ಬಿಡಿಸಿ, ಸ್ಪಿರಿಟ್ಟಿನಲ್ಲಿ ಹೆಡ್ ಒರೆಸಿ, ಬೆಲ್ಟ್ ಬದಲಿಸಿ ಮತ್ತೆ ಹಾಕಿದರೆ ಆ ಕಂಠ ಹಾಗೇ ಎದ್ದು ಬರುತ್ತಿತ್ತು. ಹೀಗೆ ಕಂಠ ಉಳಿಯುತ್ತದೆ, ಕುಣಿತ ಮಾತ್ರ ಯಾಕೆ ಕುಣಿದವರ ಜೊತೆಗೇ ಹೋಗಬೇಕು ಎಂಬ ಯೋಚನೆ ನನಗೆ ಹತ್ತಿದ್ದು ಅಲ್ಲಿ. ವಿಡಿಯೋ ಕ್ಯಾಮೆರಾ ನಮ್ಮ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಮರ, ತಂತಿ, ಮೋಟಾರುಗಳು ಎಟುಕುತ್ತಿದ್ದವು.

ಭಾದ್ರಪದದ ಚೌತಿಗೆ ನಮ್ಮ ಕಡೆ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿರುತ್ತವೆ, ಬಯಲಾಟ ನೋಡಬೇಕೆಂದರೆ ದೀಪಾವಳಿಯ ಆಚೆಗೇ ಕಾಯಬೇಕು. ಮಳೆಗಾಲದಲ್ಲಿ ಇರುವುದು ತಾಳಮದ್ದಳೆ: ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಾಡುವ ಅರ್ಥಧಾರಿಗಳು, ಪಕ್ಕದಲ್ಲಿ ಹಿಮ್ಮೇಳ. ಪೆಂಡಾಲಿನಲ್ಲಿ ಪ್ರತಿ ವರ್ಷ ಒಂದು ರಾತ್ರಿ ಅದು ನಡೆಯುತ್ತಿತ್ತು. ನನ್ನ ದೊಡ್ಡಪ್ಪ ಮದ್ದಳೆ ಬಾರಿಸುತ್ತಿದ್ದರು. ಸಮಿತಿಯವರು ವೀಳ್ಯದ ಜೊತೆ ಕೊಡುತ್ತಿದ್ದ ಸಂಭಾವನೆ ದೊಡ್ಡದಲ್ಲ, ಆದರೆ ಆ ಮಳೆಯ ತಿಂಗಳುಗಳಲ್ಲಿ ಹಿಮ್ಮೇಳದವರಿಗೆ ಬರುತ್ತಿದ್ದ ಕಾಸು ಅದೊಂದೇ.

ನಾನು ಸಮಿತಿಯವರ ಮುಂದೆ ಹೋಗಿ, ಈ ಸಲ ಪೆಂಡಾಲಿನಲ್ಲಿ ಯಕ್ಷಗಾನದ ಗೊಂಬೆ ಕುಣಿಸುತ್ತೇನೆ, ಕ್ಯಾಸೆಟ್ಟಿನ ಪದಕ್ಕೆ ಸರಿಯಾಗಿ ಹೆಜ್ಜೆ ಹಾಕುತ್ತದೆ ಎಂದೆ. ಖರ್ಚು ಎಲ್ಲಿಂದ ಎಂದು ಕೇಳಿದರು. ಹಿಮ್ಮೇಳ ಈ ವರ್ಷ ಬೇಡ, ಆ ದುಡ್ಡು ಸಾಕು ಎಂದು ಹೇಳಿದವನು ನಾನೇ. ಯಾರೂ ನನ್ನ ಬಾಯಿಂದ ಅದನ್ನು ಹೊರಡಿಸಲಿಲ್ಲ. ಈ ಬರಹದಲ್ಲಿ ಮುಂದೆ ಮೋಟಾರು, ಟೇಪು, ತಾಳದ ವಿಷಯ ಬಹಳ ಬರುತ್ತದೆ. ಆದರೆ ಕೆಟ್ಟದ್ದು ಮೋಟಾರಿನಿಂದ ಶುರುವಾದದ್ದಲ್ಲ, ಆ ಮಾತಿನಿಂದ.

ಗೊಂಬೆ ಚೆನ್ನಾಗಿಯೇ ಬಂತು. ಕಾಫಿ ತೋಟದ ನೆರಳಿಗೆ ಬೆಳೆಸುವ ಹಾಲವಾಣದ ಮರ ಹಗುರ, ಕೆತ್ತಲು ಸುಲಭ. ಅದರಲ್ಲಿ ತಲೆ, ಎದೆ, ಕೈಕಾಲು ಕೆತ್ತಿದೆ. ಮೊಣಕಾಲು, ತೊಡೆ, ಭುಜಕ್ಕೆ ತಂತಿಯ ಕೀಲು. ಗುಜರಿಯಿಂದ ಹಳೆಯ ಜೀಪಿನ ವೈಪರ್ ಮೋಟಾರು ತಂದೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ತಿರುಗುತ್ತದೆ, ಒಳಗೆ ಹಲ್ಲಿನ ಗಾಲಿ ಇರುವುದರಿಂದ ನಿಧಾನವಾಗಿ, ಗಟ್ಟಿಯಾಗಿ ತಿರುಗುತ್ತದೆ. ಅದರ ದಂಡಕ್ಕೆ ಪ್ಲೈವುಡ್ಡಿನಲ್ಲಿ ಕೊರೆದ ಉಬ್ಬುತಗ್ಗಿನ ಗಾಲಿಗಳನ್ನು ಸಾಲಾಗಿ ಪೋಣಿಸಿದೆ. ಒಂದು ಎಡಗಾಲಿಗೆ, ಒಂದು ಬಲಗಾಲಿಗೆ, ಎರಡು ಕೈಗೆ, ಒಂದು ಕತ್ತಿಗೆ. ಗಾಲಿಯ ಉಬ್ಬು ಬಂದಾಗ ಅದಕ್ಕೆ ತಾಗಿದ ಸರಳು ಮೇಲೇಳುತ್ತದೆ, ಸರಳಿಗೆ ಕಟ್ಟಿದ ಹತ್ತಿಯ ಹುರಿ ಗೊಂಬೆಯ ಕಾಲನ್ನು ಎಳೆಯುತ್ತದೆ. ಅಕ್ಕ ಹಳೆಯ ರೇಷ್ಮೆ ಸೀರೆಯಲ್ಲಿ ಉಡುಗೆ ಹೊಲಿದಳು. ತಲೆಗೆ ಕಟ್ಟುವ ಕೇದಗೆ ಮುಂದಲೆಗೆ ಅಡಿಕೆ ಹಾಳೆ ಕತ್ತರಿಸಿ ಬಣ್ಣದ ಕಾಗದ ಅಂಟಿಸಿದೆವು.

ಇನ್ನು ಉಳಿದದ್ದು ವೇಗ. ಪದವನ್ನು ಮತ್ತೆ ಮತ್ತೆ ಹಾಕಿ, ಕೈಗಡಿಯಾರ ನೋಡುತ್ತ ಪೆಟ್ಟುಗಳನ್ನು ಎಣಿಸಿದೆ. ಇಡೀ ಪದದ ಪೆಟ್ಟುಗಳನ್ನು ಅದರ ಒಟ್ಟು ಕಾಲದಿಂದ ಭಾಗಿಸಿ, ಸೆಕೆಂಡಿಗೆ ಎರಡು ಎಂದು ಬರೆದಿಟ್ಟುಕೊಂಡು, ಅದಕ್ಕೆ ಮೋಟಾರನ್ನು ಹೊಂದಿಸಿದೆ. ಮೋಟಾರಿಗೂ ಬ್ಯಾಟರಿಗೂ ನಡುವೆ ಒಂದು ರೆಗ್ಯುಲೇಟರ್ ಇಟ್ಟಿದ್ದೆ. ಮನೆಯ ಮಾಳಿಗೆಯಲ್ಲಿ ಕ್ಯಾಸೆಟ್ ಹಾಕಿ, ರೆಗ್ಯುಲೇಟರ್ ಹಿಡಿದು ಕೂತರೆ ಗೊಂಬೆ ಕುಣಿಯುತ್ತಿತ್ತು. ತಾಳ ಬಿಡುತ್ತಿರಲಿಲ್ಲ. ನೋಡಿದವರೆಲ್ಲ ಹೊಗಳಿದರು. ದೊಡ್ಡಪ್ಪ ಮಾತ್ರ ನೋಡಲು ಬರಲಿಲ್ಲ, ನಾನೂ ಕರೆಯಲಿಲ್ಲ.

ಪೆಂಡಾಲಿನ ರಾತ್ರಿ ಪರದೆ ಸರಿಸಿ ಕ್ಯಾಸೆಟ್ ಹಾಕಿದೆ. ನಾನು ರೆಗ್ಯುಲೇಟರ್ ಬಿಟ್ಟು ಮುಂದೆ ಬಂದು ನಿಂತೆ, ಗೊಂಬೆ ತಾನಾಗಿಯೇ ಕುಣಿಯುತ್ತದೆ ಎಂದು ಹೇಳಿಕೊಂಡಿದ್ದೆನಲ್ಲ. ಮೊದಲ ಸಾಲಿನಲ್ಲೇ ಗೊಂಬೆ ಪದಕ್ಕಿಂತ ಮುಂದೆ ಓಡಿತು. ಭಾಗವತರು ಇನ್ನೂ ನಿಧಾನದಲ್ಲಿ ಎಳೆಯುತ್ತಿದ್ದರೆ ಇದು ಎರಡು ಹೆಜ್ಜೆ ಹೆಚ್ಚು ಹಾಕಿ ಆಗಿತ್ತು. ಸ್ವಲ್ಪ ಹೊತ್ತಿಗೆ ಅಪ್ಪಿತಪ್ಪಿ ತಾಳಕ್ಕೆ ಸೇರಿತು, ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಮತ್ತೆ ಬಿಟ್ಟುಹೋಯಿತು. ಚೆಂಡೆ ಏರಿದಾಗ, ಎಲ್ಲಿ ಗೊಂಬೆ ಜಿಗಿಯಬೇಕೋ ಸರಿಯಾಗಿ ಅಲ್ಲಿ ಅದರ ಕಾಲು ಸೋತ ಹಾಗೆ ನಿಧಾನವಾಯಿತು. ಪದದ ಕೊನೆಯ ಬಡಿತವಾದ ಬಿಡ್ತಿಗೆ ಮುಗಿದು ಟೇಪು ಸುಮ್ಮನಾದ ಮೇಲೂ ಸದ್ದಿಲ್ಲದ ಪೆಂಡಾಲಿನಲ್ಲಿ ಅದು ಹೆಜ್ಜೆ ಹಾಕುತ್ತಲೇ ಇತ್ತು. ಮಕ್ಕಳು ನಕ್ಕರು. ದೊಡ್ಡವರು ನಗಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ಹಿಂದೆ ಕೂತಿದ್ದ ದೊಡ್ಡಪ್ಪ ಎದ್ದು ಮನೆಗೆ ಹೊರಟರು ಎಂದುಕೊಂಡೆ. ಅವರು ಮದ್ದಳೆ ತರಿಸಿದರು. ಗೊಂಬೆಯ ಎದುರು ಚಕ್ಕಲುಮಕ್ಕಲು ಹಾಕಿ ಕೂತು, "ಆ ಟೇಪು ಬ್ಯಾಡ, ಗೊಂಬೆ ಒಂದನ್ನೇ ಬಿಡು ಮಾರಾಯ" ಎಂದರು. ಬಿಟ್ಟೆ. ಕೆಲವು ಸುತ್ತು ಅದರ ಕಾಲನ್ನೇ ನೋಡಿದರು. ಮೇಲೇಳುವುದಕ್ಕೆ ಎಷ್ಟು ಹೊತ್ತು, ಬೀಳುವುದಕ್ಕೆ ಎಷ್ಟು ಹೊತ್ತು, ಎಲ್ಲಿ ತಡೆಯುತ್ತದೆ ಎಂದು ನೋಡಿಕೊಂಡು ಏಕತಾಳದಲ್ಲಿ ಕೈ ಹಾಕಿದರು. ಗೊಂಬೆ ತಡೆದಲ್ಲಿ ಇವರೂ ತಡೆದರು, ಓಡಿದಲ್ಲಿ ನಡೆ ತುಂಬಿಸಿದರು, ಕಾಲು ಸಿಕ್ಕಿಕೊಂಡು ಅರ್ಧಕ್ಕೆ ನಿಂತಾಗ ಅಲ್ಲೊಂದು ಮುಕ್ತಾಯ ಹಾಕಿ ಅದೇ ಸರಿ ಎನ್ನುವ ಹಾಗೆ ಮಾಡಿದರು. ಅದೇ ಗೊಂಬೆ, ಅದೇ ಮೋಟಾರು. ಪೆಂಡಾಲಿನಲ್ಲಿ ಕೂತವರಿಗೆ ಅದು ಕುಣಿಯುತ್ತಿತ್ತು.

ಮರುದಿನ ಅವರ ಮನೆಗೆ ಹೋದೆ. ತಾಳ ತಪ್ಪಿದ್ದು ಎಲ್ಲಿ ಎಂದು ಕೇಳಿದೆ. "ತಪ್ಪೋಕೆ ಮೊದ್ಲು ತಾಳ ಇರ್ಬೇಕಲ್ಲ ಮಾರಾಯ. ಅದಕ್ಕೆ ಕಿವಿಯೇ ಇಲ್ಲ" ಎಂದರು. ಸಂಭಾವನೆಯ ವಿಷಯ ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಯಂತ್ರ ಬಿಚ್ಚಿ ಕೂತಾಗ ಕಾರಣಗಳು ಒಂದೊಂದಾಗಿ ಸಿಕ್ಕವು. ಇವನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗುವುದು ಇವೇ.

ಬ್ಯಾಟರಿ ಒಂದೇ ಇತ್ತು. ಆಂಪ್ಲಿಫೈಯರಿಗೂ ಅದೇ, ಮೋಟಾರಿಗೂ ಅದೇ. ಮಾಳಿಗೆಯಲ್ಲಿ ಸಣ್ಣ ದನಿಯಲ್ಲಿ ಕೇಳುತ್ತಿದ್ದಾಗ ಏನೂ ಆಗಿರಲಿಲ್ಲ. ಪೆಂಡಾಲಿಗೆಂದು ದನಿ ಏರಿಸಿದ್ದೆ, ಚೆಂಡೆಯ ಪ್ರತಿ ಪೆಟ್ಟಿಗೂ ಆಂಪ್ಲಿಫೈಯರ್ ಬ್ಯಾಟರಿಯಿಂದ ಜಾಸ್ತಿ ಕರೆಂಟು ಎಳೆಯುತ್ತಿತ್ತು, ಆ ಕ್ಷಣಕ್ಕೆ ವೋಲ್ಟೇಜು ಕುಸಿದು ಮೋಟಾರು ನಿಧಾನವಾಗುತ್ತಿತ್ತು. ಟೇಪ್ ರೆಕಾರ್ಡರಿನ ಮೋಟಾರಿಗೆ ವೇಗ ಕಾಯುವ ಏರ್ಪಾಡು ಒಳಗೇ ಇರುತ್ತದೆ, ವೈಪರ್ ಮೋಟಾರಿಗೆ ಇರುವುದಿಲ್ಲ. ಹಾಗಾಗಿ ಪದ ಉತ್ಸಾಹದಲ್ಲಿ ಏರಿದಷ್ಟೂ ಗೊಂಬೆ ಸೋಲುತ್ತಿತ್ತು. ಉಡುಗೆಯ ಭಾರವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಳೆಯ ತೇವಕ್ಕೆ ಹತ್ತಿಯ ಹುರಿ ಬಿಗಿದುಕೊಂಡು ಕಾಲು ಅರ್ಧ ಎತ್ತಿಕೊಂಡೇ ನಿಂತಿತ್ತು, ಮರದ ಕೀಲುಗಳು ಉಬ್ಬಿ ಹಿಡಿದಿದ್ದವು.

ಟೇಪೂ ನಂಬುವ ವಸ್ತುವಲ್ಲ. ಕ್ಯಾಸೆಟ್ಟಿನ ರೀಲು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಸ್ವಲ್ಪ ಸಡಿಲಾದರೆ, ರಬ್ಬರ್ ರೋಲರಿಗೆ ಕೊಳೆ ಕೂತರೆ ನೂರಕ್ಕೆ ಒಂದೆರಡು ಪಾಲು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಕೇಳುವ ಕಿವಿಗೆ ಅದು ಗೊತ್ತಾಗುವುದೂ ಕಷ್ಟ. ಆದರೆ ಐದು ನಿಮಿಷದ ಪದದಲ್ಲಿ ನೂರಕ್ಕೆ ಒಂದು ಎಂದರೆ ಮೂರು ಸೆಕೆಂಡು, ಸೆಕೆಂಡಿಗೆ ಎರಡು ಪೆಟ್ಟಿನ ಲೆಕ್ಕದಲ್ಲಿ ಆರು ಹೆಜ್ಜೆ. ಎರಡು ಬೇರೆ ಬೇರೆ ಮೋಟಾರುಗಳನ್ನು ಬೇರೆ ಬೇರೆಯಾಗಿ ಓಡಲು ಬಿಟ್ಟು ಅವು ಕೊನೆತನಕ ಜೊತೆಯಾಗಿರುತ್ತವೆ ಎಂದು ನಾನು ನಂಬಿದ್ದೆ.

ಇವೆಲ್ಲ ತಿದ್ದಬಹುದಾದವು. ತಿದ್ದಲಾಗದ್ದು ನಾನು ಹಾಕಿದ ಭಾಗಾಕಾರ. ಯಕ್ಷಗಾನದ ಪದ ಒಂದೇ ವೇಗದಲ್ಲಿ ನಡೆಯುವುದಿಲ್ಲ. ನಿಧಾನದಲ್ಲಿ ಎತ್ತಿ, ಬಿಗಿಯಾಗುತ್ತ ಹೋಗಿ, ಕೊನೆಗೆ ಏರಿ ನಿಲ್ಲುತ್ತದೆ. ಉದಾಹರಣೆಗೆ ನಿಮಿಷಕ್ಕೆ 100 ಪೆಟ್ಟಿನಿಂದ ಹೊರಟು 140ಕ್ಕೆ ಮುಟ್ಟಿದರೆ ಸರಾಸರಿ 120 ನಿಜ. ಆ ಸರಾಸರಿಗೆ ಹೊಂದಿಸಿದ ಗೊಂಬೆ ಮೊದಲರ್ಧದಲ್ಲಿ ಮುಂದೆ ಮುಂದೆ ಹೋಗುತ್ತದೆ, ಉಳಿದರ್ಧದಲ್ಲಿ ಹಾಡು ಅದನ್ನು ಅಟ್ಟಿಸಿಕೊಂಡು ಬರುತ್ತದೆ. ಒಟ್ಟು ಹೆಜ್ಜೆಯ ಲೆಕ್ಕ ಕೊನೆಯಲ್ಲಿ ಸರಿಹೋಗುತ್ತದೆ, ನಡುವೆ ಅಪ್ಪಿತಪ್ಪಿ ಕೂಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಯಲಾಟದಲ್ಲಿ ಆ ಏರಿಳಿತವನ್ನು ಯಾರೂ ಮೊದಲೇ ಬರೆದಿಟ್ಟುಕೊಂಡಿರುವುದಿಲ್ಲ. ವೇಷಧಾರಿ ಮಂಡಿ ಹಾಕಿ ತಿರುಗಲು ಶುರುಮಾಡಿದರೆ ಭಾಗವತರು ಪದ ಬೆಳೆಸುತ್ತಾರೆ, ಅವನ ಉಸಿರು ಸೋತದ್ದು ಕಂಡರೆ ಮುಗಿಸಿಕೊಡುತ್ತಾರೆ. ಕ್ಯಾಸೆಟ್ಟಿನಲ್ಲಿರುವುದು ಅಂಥ ಒಂದು ರಾತ್ರಿಯ ಕೊಡುಕೊಳ್ಳುವಿಕೆಯ ಒಂದು ಪಾಲು ಮಾತ್ರ.

ಹಾಗಾದರೆ ಮಾಳಿಗೆಯಲ್ಲಿ ಯಾಕೆ ತಾಳ ತಪ್ಪಿರಲಿಲ್ಲ? ಇದು ಹೊಳೆಯಲು ನನಗೆ ಬಹಳ ಕಾಲ ಹಿಡಿಯಿತು. ಮಾಳಿಗೆಯಲ್ಲಿ ನನ್ನ ಕೈ ಯಾವಾಗಲೂ ರೆಗ್ಯುಲೇಟರಿನ ಮೇಲಿರುತ್ತಿತ್ತು. ಗೊಂಬೆ ಮುಂದೆ ಹೋಗುತ್ತಿದೆ ಅನಿಸಿದರೆ ಗೊತ್ತಿಲ್ಲದೆಯೇ ಹಿಂದಕ್ಕೆ ತಿರುಗಿಸುತ್ತಿದ್ದೆ, ಪದ ಏರಿದರೆ ಮುಂದಕ್ಕೆ. ಹಾಡು ಕೇಳುತ್ತಿದ್ದದ್ದು ನಾನು, ನೋಡುತ್ತಿದ್ದದ್ದು ನಾನು, ಗೊಂಬೆಯನ್ನು ಹಾಡಿನ ಜೊತೆಗೆ ಇಟ್ಟಿದ್ದದ್ದು ನನ್ನ ಬೆರಳು. ಜನರೆದುರು ಯಂತ್ರದ ಹೆಚ್ಚುಗಾರಿಕೆ ತೋರಿಸಲು ಹೋಗಿ ಅದೊಂದೇ ಕೆಲಸ ಮಾಡುತ್ತಿದ್ದ ಭಾಗವನ್ನು ನಾನೇ ಕಿತ್ತು ತೆಗೆದಿದ್ದೆ.

ಆ ಮಳೆಗಾಲದ ನಂತರ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಶಿವಮೊಗ್ಗಕ್ಕೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಬಿಡಿಭಾಗಕ್ಕೆ ಹೋದಾಗಲೆಲ್ಲ ಹಳೆಯ ಎಲೆಕ್ಟ್ರಾನಿಕ್ಸ್ ಪತ್ರಿಕೆಗಳನ್ನು ಹೊತ್ತು ತಂದೆ. ಗೊಂಬೆಯನ್ನೂ ಸದ್ದನ್ನೂ ಕೂಡಿಸುವ ಪ್ರಯತ್ನ ಹಳೆಯದು, ಅದರಲ್ಲಿ ತೀರಾ ಹೆಸರಾದ ಒಂದು ನಮ್ಮ ಶ್ರೀರಂಗಪಟ್ಟಣದ್ದು. ಟಿಪ್ಪುವಿನ ಹುಲಿ, ಬಿಳಿಯ ಸೈನಿಕನ ಮೇಲೆ ಎರಗಿದ ಮರದ ಹುಲಿ. 1799ರಲ್ಲಿ ಕೋಟೆ ಬಿದ್ದ ಮೇಲೆ ಇಂಗ್ಲಿಷರು ಒಯ್ದರು, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿ ಊದುತ್ತದೆ, ಸೈನಿಕ ನರಳುತ್ತಾನೆ, ಅವನ ಕೈ ಎದ್ದು ಬೀಳುತ್ತದೆ, ಹುಲಿ ಗುರುಗುಟ್ಟುತ್ತದೆ. ಅಲ್ಲಿ ಸದ್ದೂ ಚಲನೆಯೂ ಒಂದೇ ಹಿಡಿಯಿಂದ ಹುಟ್ಟುತ್ತವೆ. ತಿರುಗಿಸುವವನು ನಿಧಾನ ಮಾಡಿದರೆ ಎರಡೂ ನಿಧಾನ. ಬೇರೆಯಾಗಲು ದಾರಿಯೇ ಇಲ್ಲ. ನನ್ನ ಯಂತ್ರಕ್ಕಿಂತ ಇನ್ನೂರು ವರ್ಷ ಹಿಂದಿನವರು ಈ ಒಂದು ಸಂಗತಿಯನ್ನು ನನಗಿಂತ ಚೆನ್ನಾಗಿ ಅರಿತಿದ್ದರು.

ಗ್ರಾಮಫೋನ್ ಬಂದ ಮೇಲೆ, 1915ರ ಹೊತ್ತಿಗೆ, ಅಮೆರಿಕದ ಬೋಸ್ಟನ್ನಿನಲ್ಲಿ ಪ್ಲೇಟಿನ ನಡುವಿನ ಮೊಳೆಗೇ ಸಿಕ್ಕಿಸುವ ಕುಣಿಯುವ ಗೊಂಬೆಗಳನ್ನು ಮಾಡಿ ಮಾರಿದರು. ಪ್ಲೇಟು ತಿರುಗಿದಂತೆ ಕೆಳಗಿನ ತಂತಿ ಅದುರಿ, ಕೀಲುಗೊಂಬೆ ಕೈಕಾಲು ಬಡಿಯುತ್ತದೆ. ಕಪ್ಪು ಜನರನ್ನು ಹೀಯಾಳಿಸುವ ರೂಪದಲ್ಲಿ ಅವನ್ನು ಮಾಡಿದ್ದರು, ಆ ಆಟಿಕೆಯ ಚರಿತ್ರೆ ಹೇಳುವಾಗ ಅದನ್ನು ಬಿಟ್ಟು ಹೇಳಬಾರದು. ಯಂತ್ರದ ದೃಷ್ಟಿಯಿಂದ ಅಲ್ಲಿಯೂ ಹಾಡು, ಗೊಂಬೆ ಎರಡಕ್ಕೂ ಒಂದೇ ಸ್ಪ್ರಿಂಗು. ಆದರೆ ಪ್ಲೇಟು ಯಾವ ಹಾಡಿಗೂ ನಿಮಿಷಕ್ಕೆ ಸುಮಾರು 78 ಸುತ್ತೇ ತಿರುಗುತ್ತದೆ, ಹಾಡಿನ ತಾಳ ಏನೇ ಇರಲಿ. ಜೊತೆಗೆ ಓಡುವುದು ಒಂದು, ತಾಳಕ್ಕೆ ಕುಣಿಯುವುದು ಇನ್ನೊಂದು.

1988ರಲ್ಲಿ ಜಪಾನಿನ ತಕಾರ ಕಂಪನಿ ಹೊರತಂದ ಕುಣಿಯುವ ಹೂವಿನ ನಕಲುಗಳು ನಮ್ಮ ಜಾತ್ರೆಗಳಿಗೂ ಬಂದವು. ಕುಂಡದಲ್ಲಿ ನಿಂತ, ಕಪ್ಪು ಕನ್ನಡಕ ಹಾಕಿದ ಹೂವು, ಸದ್ದಾದರೆ ಬಳುಕುತ್ತದೆ. ಒಳಗೆ ಮೈಕ್ ಇದೆ, ಸದ್ದು ಒಂದು ಮಟ್ಟ ಮೀರಿದರೆ ಮೋಟಾರು ತಿರುಗುತ್ತದೆ. ನನ್ನ ಗೊಂಬೆಗೂ ಇಂಥ ಕಿವಿ ಕೊಟ್ಟರಾಯಿತು ಎಂದುಕೊಂಡು ಒಂದು ಬಿಚ್ಚಿ ಜೋಡಿಸಿ ನೋಡಿದೆ. ಚೆಂಡೆ ಬಿದ್ದರೆ ನಿಲ್ಲುವುದೇ ಇಲ್ಲ, ಭಾಗವತರ ಒಂಟಿ ಕಂಠಕ್ಕೆ ಅಲ್ಲಾಡುವುದೇ ಇಲ್ಲ. ಗದ್ದಲ ಎಷ್ಟು ಎಂದು ಅದಕ್ಕೆ ತಿಳಿಯುತ್ತದೆ, ಪೆಟ್ಟು ಎಲ್ಲಿ ಎಂದು ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆ ಇದೆ: ಪೆಟ್ಟು ಕೇಳಿದ ಮೇಲೆ ಹೊರಟ ಕಾಲು ಎಷ್ಟೇ ಬೇಗ ಹೋದರೂ ತಡವೇ.

ಟೆಲಿವಿಷನ್ನಿನ ಚಿತ್ರಕ್ಕೂ ಸದ್ದಿಗೂ ಎಷ್ಟು ಅಂತರ ಆದರೆ ನೋಡುವವರಿಗೆ ತಿಳಿಯುತ್ತದೆ ಎಂಬುದಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ಅಳತೆ ಕೊಟ್ಟಿದೆ. ಸದ್ದು ಚಿತ್ರಕ್ಕಿಂತ ಮುಂಚೆ ಬಂದರೆ 45 ಮಿಲಿಸೆಕೆಂಡಿಗೇ ಕಣ್ಣು ಹಿಡಿದುಬಿಡುತ್ತದೆ, ತಡವಾಗಿ ಬಂದರೆ 125ರವರೆಗೆ ಗೊತ್ತಾಗುವುದಿಲ್ಲ. ಇದನ್ನು ಓದಿದಾಗ ಬಯಲಾಟದ ಗದ್ದೆ ನೆನಪಾಯಿತು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಮೂವತ್ತು ಮೀಟರ್ ಹಿಂದೆ ಚಾಪೆ ಹಾಸಿ ಕೂತವನಿಗೆ ಚೆಂಡೆಯ ಪೆಟ್ಟು ಕೋಲು ಬಿದ್ದು 90 ಮಿಲಿಸೆಕೆಂಡಿನ ಮೇಲೆ ಕೇಳುತ್ತದೆ, ಅವನಿಗೆ ಅದು ಸಹಜ. ದೂರದಲ್ಲಿ ಮರ ಕಡಿಯುವುದನ್ನು ನೋಡಿ ಬೆಳೆದ ನಮಗೆ ಸದ್ದು ತಡವಾಗುವುದು ಗೊತ್ತು, ಮೊದಲೇ ಬರುವುದು ಗೊತ್ತಿಲ್ಲ. ಆದ್ದರಿಂದ ಗೊಂಬೆಯ ಕಾಲು ಪೆಟ್ಟಿಗಿಂತ ಕೂದಲೆಳೆಯಷ್ಟು ಮುಂಚೆ ನೆಲ ಮುಟ್ಟಿದರೆ ಅಡ್ಡಿಯಿಲ್ಲ, ಹಿಂದೆ ಬಿದ್ದರೆ ಕೂಡಲೇ ಸಿಕ್ಕಿಬೀಳುತ್ತದೆ. ಮನುಷ್ಯರಿಗೆ ಒಂದು ಸಮನಾದ ಪೆಟ್ಟು ಕೇಳಿಸಿ ಬೆರಳು ತಟ್ಟಲು ಹೇಳಿದರೆ ಅವರು ಪೆಟ್ಟಿಗಿಂತ ತುಸು ಮುಂಚೆಯೇ ತಟ್ಟುತ್ತಾರೆ ಎಂದು ಮನಶ್ಶಾಸ್ತ್ರದವರು ಅಳೆದು ಹೇಳಿದ್ದಾರೆ. ಕೇಳಿ ತಟ್ಟುವುದಲ್ಲ, ಮುಂದಿನದು ಎಲ್ಲಿ ಬೀಳುತ್ತದೆ ಎಂದು ಒಳಗೇ ತಿಳಿದು ತಟ್ಟುವುದು. ದೊಡ್ಡಪ್ಪ ಗೊಂಬೆಗೆ ಕಿವಿಯಿಲ್ಲ ಎಂದದ್ದು ಇದನ್ನು.

ಉಪಾಯ ಸಿಕ್ಕಿದ್ದು ಒಂದು ಕರಡಿಯಿಂದ. ಅಮೆರಿಕದಲ್ಲಿ 1985ರಲ್ಲಿ ಟೆಡ್ಡಿ ರಕ್ಸ್‌ಪಿನ್ ಎಂಬ ಕಥೆ ಹೇಳುವ ಕರಡಿ ಬಂದಿತ್ತು. ಬೆನ್ನಿನಲ್ಲಿ ಕ್ಯಾಸೆಟ್ ಹಾಕಿದರೆ ಮಾತಿಗೆ ಸರಿಯಾಗಿ ಬಾಯಿ, ಕಣ್ಣು ಆಡಿಸುತ್ತದೆ. ಸ್ಟೀರಿಯೋ ಕ್ಯಾಸೆಟ್ಟಿನ ಎರಡು ದಾರಿಗಳಲ್ಲಿ ಒಂದರಲ್ಲಿ ಕಥೆಯ ದನಿ, ಇನ್ನೊಂದರಲ್ಲಿ ಮೋಟಾರುಗಳಿಗೆ ಆಜ್ಞೆ. ಅದನ್ನು ಮಾಡಿದ ಕೆನ್ ಫೋರ್ಸ್ ಮೊದಲು ಡಿಸ್ನಿಯಲ್ಲಿದ್ದವರು. ಡಿಸ್ನಿಲ್ಯಾಂಡಿನಲ್ಲಿ 1963ರಲ್ಲೇ ಹಾಡುವ ಯಂತ್ರಪಕ್ಷಿಗಳ ಒಂದು ಕೋಣೆ ತೆರೆದಿದ್ದರು, ಅಲ್ಲೂ ಹಕ್ಕಿಗಳ ಚಲನೆ ಟೇಪಿನಲ್ಲೇ ಅಡಗಿತ್ತು. ಟೇಪು ಎಳೆದರೂ ಸರಿ, ಓಡಿದರೂ ಸರಿ, ಹಾಡೂ ಆಜ್ಞೆಯೂ ಒಂದೇ ರೀಲಿನ ಮೇಲೆ ಅಕ್ಕಪಕ್ಕ ಇರುವುದರಿಂದ ಬೇರೆಯಾಗುವುದಿಲ್ಲ.

ನಾನೂ ಹಾಗೆಯೇ ಮಾಡಿದೆ. ಎಡ ಚಾನೆಲಿನಲ್ಲಿ ಪದ, ಬಲ ಚಾನೆಲಿನಲ್ಲಿ ಬೇರೆ ಬೇರೆ ಶ್ರುತಿಯ ಸಿಳ್ಳೆಗಳು, ಎಡಗಾಲಿಗೆ ಒಂದು, ಬಲಗಾಲಿಗೆ ಒಂದು, ಕೈಗಳಿಗೆ ಒಂದು. ಆ ಸಿಳ್ಳೆಗಳನ್ನು ಗುರುತಿಸಲು 567 ನಂಬರಿನ ಐಸಿ, ಒಂದೊಂದು ಶ್ರುತಿಗೆ ಒಂದೊಂದು. ಅದರಿಂದ ರಿಲೇ, ರಿಲೇಯಿಂದ ವೈಪರ್ ಮೋಟಾರು, ಒಂದೊಂದು ಕಾಲಿಗೆ ಒಂದೊಂದು. ವೈಪರ್ ಮೋಟಾರಿನ ಒಂದು ಗುಣ ನನಗೆ ಮೊದಲೇ ಹೊಳೆಯಬೇಕಿತ್ತು. ಡ್ರೈವರ್ ಯಾವಾಗ ಸ್ವಿಚ್ಚು ಆರಿಸಿದರೂ ವೈಪರು ಗಾಜಿನ ನಡುವೆ ನಿಲ್ಲುವುದಿಲ್ಲ, ಸುತ್ತು ಮುಗಿಸಿ ತನ್ನ ಜಾಗಕ್ಕೆ ಹೋಗಿಯೇ ನಿಲ್ಲುತ್ತದೆ. ಅದಕ್ಕೆಂದು ಒಳಗೆ ಬೇರೆಯೇ ಒಂದು ಕಾಂಟ್ಯಾಕ್ಟು ಇರುತ್ತದೆ. ಅಂಥದೇ ಕಾಂಟ್ಯಾಕ್ಟನ್ನು ಹೊರಗಿನ ದಂಡಕ್ಕೆ ನಾಲ್ಕು ಕಡೆ ಕೊಟ್ಟೆ. ಒಂದು ಸಿಳ್ಳೆಗೆ ಕಾಲು ಸುತ್ತು, ಒಂದು ಹೆಜ್ಜೆ, ನಿಲುಗಡೆ. ಮುಂದಿನ ಸಿಳ್ಳೆ ಬರುವವರೆಗೆ ಅದು ಕಾಯುತ್ತದೆ. ಬ್ಯಾಟರಿ ಸೋತರೂ ಹೆಜ್ಜೆ ತುಸು ಮೆಲ್ಲಗಾದೀತು, ಲೆಕ್ಕ ತಪ್ಪುವುದಿಲ್ಲ.

ಆ ಸಿಳ್ಳೆಗಳನ್ನು ಯಾರಾದರೂ ಒತ್ತಿ ತುಂಬಬೇಕಿತ್ತು. ಕಾಲಿಂಗ್ ಬೆಲ್ಲಿನ ಸ್ವಿಚ್ಚುಗಳನ್ನು ಹಲಗೆಗೆ ಬಡಿದು, ಮೊದಲು ನಾನೇ ಕೂತೆ. ನಾನು ಒತ್ತಿದ್ದು ಪೆಟ್ಟಿಗೆ ಸರಿಯಾಗಿಯೇ ಇತ್ತು, ಗೊಂಬೆ ಮಾತ್ರ ಹಿಂದೆ ಬೀಳುತ್ತಿತ್ತು. ರಿಲೇ ಎಳೆದುಕೊಂಡು, ಮೋಟಾರು ಹೊರಟು, ಹುರಿ ಬಿಗಿದು, ಕಾಲು ಏಳುವಷ್ಟರಲ್ಲಿ ಪೆಟ್ಟು ದಾಟಿರುತ್ತಿತ್ತು. ದೊಡ್ಡಪ್ಪನ ಮೊಮ್ಮಗಳು ಆಗ ಹೆಜ್ಜೆ ಕಲಿಯುತ್ತಿದ್ದಳು. ಅವಳನ್ನು ಕೂರಿಸಿದೆ. ಸ್ವಲ್ಪ ಹೊತ್ತು ಗೊಂಬೆಯನ್ನು ನೋಡಿಕೊಂಡು ಒತ್ತಿದಳು, ಆಮೇಲೆ ಅದು ಎಷ್ಟು ತಡ ಮಾಡುತ್ತದೋ ಅಷ್ಟು ಮುಂಚೆ ಬೆರಳು ಹಾಕತೊಡಗಿದಳು. ನಾನು ಹೇಳಿಕೊಟ್ಟದ್ದಲ್ಲ. ಯಾಕೆ ಮುಂಚೆ ಒತ್ತುತ್ತೀ ಎಂದು ಕೇಳಿದರೆ, "ಮುಂಚೆ ಒತ್ತಿದ್ನಾ? ಸರಿಯಾಗೇ ಒತ್ತಿದ್ನಲ್ಲ ಚಿಕ್ಕಪ್ಪ" ಎಂದಳು. ಗೊಂಬೆಯ ಕಾಲು ಸರಿಯಾಗಿ ಬೀಳುವುದನ್ನೇ ಅವಳು ತನ್ನ ಕೈ ಸರಿ ಬೀಳುವುದು ಎಂದು ತಿಳಿದಿದ್ದಳು. ಆ ಟೇಪಿನಲ್ಲಿ ಗೊಂಬೆ ಕುಣಿಯಿತು, ನಾನು ದೂರ ನಿಂತಿದ್ದರೂ ಕುಣಿಯಿತು.

ಮುಂದಿನ ಚೌತಿಗೆ ಮೊದಲೇ ಸಮಿತಿಯವರ ಬಳಿ ಹೋಗಿ, ಹಿಂದಿನ ವರ್ಷ ಹಿಮ್ಮೇಳ ಬೇಡ ಎಂದದ್ದು ನನ್ನ ತಪ್ಪು, ಗೊಂಬೆಯ ಖರ್ಚು ಇನ್ನು ಮೇಲೆ ನನ್ನದು ಎಂದು ಹೇಳಿದೆ. ತಾಳಮದ್ದಳೆ ಮರಳಿತು. ಒಂದು ವರ್ಷ ತಪ್ಪಿದ ಸಂಭಾವನೆಯನ್ನು ಒಬ್ಬೊಬ್ಬರ ಮನೆಗೂ ಹೋಗಿ ಕೊಟ್ಟೆ. ಚೆಂಡೆಯವರು ತೆಗೆದುಕೊಳ್ಳಲಿಲ್ಲ. ಅವರು ನನ್ನ ಜೊತೆ ಮೊದಲಿನ ಹಾಗೆ ಮಾತಾಡಲು ಇನ್ನೂ ಕೆಲವು ಮಳೆಗಾಲ ಬೇಕಾಯಿತು.

ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಗೊಂಬೆಯಾಟ ನೋಡಿದ್ದು ಇದೆಲ್ಲ ಆದ ಮೇಲೆ. ಮೊದಲೇ ನೋಡಿದ್ದರೆ ನನ್ನ ಎಷ್ಟೋ ಕೆಲಸ ಬೇರೆಯಾಗಿರುತ್ತಿತ್ತು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಉಳಿಸಿಕೊಂಡು ಬಂದ, ಬಡಗುತಿಟ್ಟಿನ ಯಕ್ಷಗಾನದ ವೇಷ ತೊಟ್ಟ ಸೂತ್ರದ ಗೊಂಬೆಗಳು. ತಲೆ, ಕೈ, ಕಾಲಿಗೆ ಕಟ್ಟಿದ ದಾರಗಳು ಆಡಿಸುವವನ ಎರಡು ಕೈಯಲ್ಲಿ. ನಾನು ಗೊಂಬೆ ಬಿಟ್ಟು ಆಡಿಸುವವನ ಕಾಲು ನೋಡಿದೆ. ಅವನೂ ಹೆಜ್ಜೆ ಹಾಕುತ್ತಿದ್ದ. ತಾಳ ಅವನ ಪಾದದಿಂದ ಮೈಗೆ ಏರಿ, ಬೆರಳಿಗೆ ಬಂದು, ದಾರದಿಂದ ಇಳಿದು ಮರದ ಕಾಲಿಗೆ ಹೋಗುತ್ತಿತ್ತು. ಭಾಗವತರು ಒಂದು ಸಾಲನ್ನು ಇದ್ದಕ್ಕಿದ್ದಂತೆ ಮತ್ತೊಮ್ಮೆ ಎತ್ತಿದರು, ಗೊಂಬೆಯೂ ಮತ್ತೊಮ್ಮೆ ತಿರುಗಿತು. ನನ್ನ ಟೇಪಿನ ಗೊಂಬೆ ಆ ಒಂದು ಪದಕ್ಕೆ, ಅದೇ ಒಂದು ರೀತಿಯಲ್ಲಿ, ಎಷ್ಟು ಸಲ ಹಾಕಿದರೂ ಅಷ್ಟೇ ಕುಣಿಯುತ್ತದೆ. ಅದನ್ನು ಕೀಳೆಂದು ನಾನು ಹೇಳುವುದಿಲ್ಲ, ಅದರ ಹಿಂದೆ ಒಂದು ಹುಡುಗಿಯ ತಾಳಜ್ಞಾನ ಇದೆ. ಆದರೆ ಅದು ಆ ಹುಡುಗಿಯ ಒಂದು ಮಧ್ಯಾಹ್ನ, ಅಷ್ಟೇ.

ಈಗ ಊರಿನ ಒಬ್ಬ ಹುಡುಗ, ಇಂಜಿನಿಯರಿಂಗ್ ಓದುತ್ತಿರುವವನು, ಹೊಸ ಗೊಂಬೆ ಮಾಡಿಕೊಂಡು ಬರುತ್ತಾನೆ. ಸರ್ವೋ ಮೋಟಾರುಗಳು, ಅಂಗೈಯಗಲದ ಬೋರ್ಡು, ಮೊಬೈಲಿನಲ್ಲಿ ಹಾಡು. ಮೊದಲ ದಿನ ಗೊಂಬೆ ಪ್ರತಿ ಪೆಟ್ಟಿಗೂ ಅಷ್ಟಷ್ಟೇ ಮುಂದೆ ಇತ್ತು. "ಕೋಡ್ ಸರಿ ಇದೆ ಮಾವ, ಎಲ್ಲಿ ತಪ್ಪು ಗೊತ್ತಾಗ್ತಿಲ್ಲ" ಎಂದ. ಸ್ಪೀಕರ್ ಬ್ಲೂಟೂತಿನದು. ಹಾಡು ಗಾಳಿಯಲ್ಲಿ ಹೋಗಿ ಸ್ಪೀಕರಿನಿಂದ ಹೊರಬೀಳುವಷ್ಟರಲ್ಲಿ ಒಂದು ನೂರು, ಇನ್ನೂರು ಮಿಲಿಸೆಕೆಂಡು ಕಳೆದಿರುತ್ತದೆ. ತಂತಿ ಹಾಕಿಸಿದೆ, ಸರಿಯಾಯಿತು. ಪೆಟ್ಟುಗಳನ್ನು ತಾನೇ ಹುಡುಕುವ ಸಾಫ್ಟ್‌ವೇರ್ ಅವನ ಬಳಿ ಇದೆ. ಸಿನಿಮಾ ಹಾಡಿಗೆ ಚೆನ್ನಾಗಿ ಹುಡುಕುತ್ತದೆ, ಯಕ್ಷಗಾನದ ಪದ ಎಳೆದಲ್ಲಿ, ಏರಿದಲ್ಲಿ ತಡವರಿಸುತ್ತದೆ.

ಟೇಪೂ ಬೇಡ, ಮೊಬೈಲೂ ಬೇಡ, ಕೂತು ಬಾರಿಸುವ ಮದ್ದಳೆಯಿಂದಲೇ ಗೊಂಬೆಗೆ ಪೆಟ್ಟು ಸಿಗಲಿ ಎಂದು ನಾವಿಬ್ಬರೂ ಈಗ ಬೇರೆ ದಾರಿ ಹಿಡಿದಿದ್ದೇವೆ. ಬಜರಿನೊಳಗೆ ಇರುವ ಹಿತ್ತಾಳೆಯ ತೆಳು ಬಿಲ್ಲೆ ಅದುರಿದರೆ ಸಣ್ಣ ವೋಲ್ಟೇಜು ಕೊಡುತ್ತದೆ. ಮದ್ದಳೆಯ ಚರ್ಮದ ಮುಚ್ಚಿಗೆಗೆ ಏನನ್ನೂ ಅಂಟಿಸಲು ಮದ್ದಳೆಯವರು ಒಪ್ಪಲಿಲ್ಲ, ಒಪ್ಪದಿದ್ದದ್ದು ಸರಿ. ಹಾಗಾಗಿ ಅದನ್ನು ಬಟ್ಟೆಯಲ್ಲಿ ಸುತ್ತಿ ಮರದ ಮೈಗೆ ಕಟ್ಟಿದ್ದೇವೆ. ಪೆಟ್ಟು ಸಿಗುತ್ತಿದೆ. ಎಡದ ಪೆಟ್ಟು, ಬಲದ ಪೆಟ್ಟು ಎರಡೂ ಅದಕ್ಕೆ ಒಂದೇ ಆಗಿ ಕೇಳುತ್ತಿವೆ. ಬೇರೆ ಮಾಡಲು ಇನ್ನೊಂದು ಬಿಲ್ಲೆ ಬೇಕು, ಕಾಲು ಹೊರಡುವ ತಡಕ್ಕೆ ಬೇರೆ ಉಪಾಯ ಬೇಕು. ಬಿಲ್ಲೆಗೆ ಶಿವಮೊಗ್ಗಕ್ಕೆ ಹೇಳಿ ಕಳಿಸಿದ್ದೇವೆ. ತಡಕ್ಕೆ ಮದ್ದಳೆಯವರೇ ಒಂದು ದಾರಿ ಹೇಳಿದ್ದಾರೆ: ಗೊಂಬೆಯನ್ನು ತಮ್ಮ ಕಣ್ಣಿಗೆ ಕಾಣುವ ಹಾಗೆ ಇಡಬೇಕಂತೆ.